ಹಗಲಲ್ಲಿ ಕಾಣದ ನಕ್ಷತ್ರ, ಕತ್ತಲಲ್ಲಿ ಕಾಣುವ ಅಳಿಯ

ಮದುವೆ ಗಂಡು "ಕಾಣಲಿಲ್ಲ" ಅಂದುಬಿಟ್ಟ.

ಅಷ್ಟೇ. ಅಷ್ಟಕ್ಕೇ ಚನ್ನರಾಯಪಟ್ಟಣದ ಒಂದು ಬೀದಿ ಪೂರ್ತಿ ನಿಂತುಹೋಯಿತು. ವಾಲಗದವನು ಊದುತ್ತಿದ್ದುದನ್ನು ಅರ್ಧಕ್ಕೇ ನುಂಗಿಕೊಂಡ. ಅಡುಗೆಯವರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. ಬೆಳಿಗ್ಗೆ ಹತ್ತು ಗಂಟೆ ಕಳೆದಿತ್ತು. ವೈಶಾಖದ ಬಿಸಿಲು ನೆತ್ತಿ ಸುಡುತ್ತಿತ್ತು. ಜೋಯಿಸರ ತೋರುಬೆರಳು ಮಾತ್ರ ಇನ್ನೂ ಆಕಾಶದ ಕಡೆಗೇ ಚಾಚಿಕೊಂಡಿತ್ತು.

ಸಂಗತಿ ನಿಮಗೆ ಗೊತ್ತಿರುವುದೇ. ತಾಳಿ ಕಟ್ಟಿದ ಮೇಲೆ ಹೆಣ್ಣುಗಂಡನ್ನು ಚಪ್ಪರದಿಂದ ಆಚೆ ಕರೆತಂದು ಅರುಂಧತಿ ನಕ್ಷತ್ರ ತೋರಿಸುತ್ತಾರೆ. ಹಾಡಹಗಲಲ್ಲಿ! ಜೋಯಿಸರು "ಕಂಡಿತೇ?" ಅನ್ನುತ್ತಾರೆ. ಗಂಡು "ಕಂಡಿತು" ಅನ್ನುತ್ತಾನೆ. ಹೆಣ್ಣು ತಲೆಯನ್ನೇ ಎತ್ತದೆ "ಕಂಡಿತು" ಅನ್ನುತ್ತಾಳೆ. ಎಲ್ಲರೂ ಊಟಕ್ಕೆ ಏಳುತ್ತಾರೆ. ನನ್ನ ಮದುವೆಯಲ್ಲಿ ನಾನೂ ಅಂದೆ. ನಿಮ್ಮ ಮದುವೆಯಲ್ಲಿ ನೀವೂ ಅಂದಿರಿ. (ಅನ್ನದವರು ಯಾರಾದರೂ ಇದ್ದರೆ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ನಿಮ್ಮನ್ನು ನೋಡಲು ನಾನೇ ಬರುತ್ತೇನೆ.)

ಈ ಗಂಡು ಹಾಸನದ ಪಕ್ಕ ಕಟ್ಟಾಯದ ತಮ್ಮಯ್ಯ. ನನ್ನ ಹಳೆಯ ಶಿಷ್ಯ. ಮೂರು ವರ್ಷ ಮಿಲಿಟರಿ ಲಾರಿ ಓಡಿಸಿ, ಯುದ್ಧ ಮುಗಿದ ಮೇಲೆ ಬರ್ಮಾ ಕಡೆಯಿಂದ ವಾಪಸ್ಸು ಬಂದವನು. ಸಂಬಂಧ ಕುದುರಿಸಿದವನು ಬೇರೆ ಯಾರೂ ಅಲ್ಲ, ನಿಮ್ಮ ಈ ಅಂಕಣಕಾರನೇ. ಹಾಗಾಗಿ ಬೀದಿ ನಿಂತಾಗ ಎಲ್ಲರಿಗಿಂತ ಹೆಚ್ಚು ಬೆವರಿದವನೂ ನಾನೇ.

ಹೆಣ್ಣಿನ ತಂದೆ ಸಣ್ಣೇಗೌಡರು ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ. ಮಾತುಕತೆಯ ದಿನ ನನ್ನನ್ನು ಕೇಳಿದ್ದರು: "ಉಡುಗಂದು ಇಸೇಸ ಏನು ಮೇಷ್ಟ್ರೇ?"

ನಾನು ಎರಡು ವಿಶೇಷ ಹೇಳಿದೆ. ಒಂದು, ಹುಡುಗ ಸುಳ್ಳು ಹೇಳುವುದಿಲ್ಲ. ಎರಡು, ಮಿಲಿಟರಿಯಲ್ಲಿ ಯಾವುದೋ ಕನ್ನಡಕ ಹಾಕಿಕೊಂಡು ಕಗ್ಗತ್ತಲಲ್ಲಿ ದೀಪವಿಲ್ಲದೆ ಲಾರಿ ಓಡಿಸಿದ್ದಾನೆ. ಇದು ನನಗೆ ಅವನ ಕಾಗದಗಳಿಂದ ಗೊತ್ತಿತ್ತು. ಆದರೆ ಅಂಕಣ ಬರೆಯುವವನ ಚಾಳಿ ನೋಡಿ, ವಾಕ್ಯ ಚಿಕ್ಕದಾಗಿರಬೇಕು. "ಕತ್ತಲಲ್ಲಿ ಕಾಣುವ ಹುಡುಗ" ಅಂದುಬಿಟ್ಟೆ. ಕನ್ನಡಕ ಬಿಟ್ಟುಹೋಯಿತು.

ಮದುವೆಯ ದಿನ ಎರಡು ವಿಶೇಷಗಳೂ ಒಟ್ಟಿಗೆ ತಿರುಗಿ ಬಿದ್ದವು.

ಜೋಯಿಸರು ಮತ್ತೆ ತೋರಿಸಿದರು. "ಸರಿಯಾಗಿ ನೋಡಪ್ಪ. ಆ ತೆಂಗಿನ ಮರದ ಸುಳಿಯಿಂದ ಒಂದು ಗೇಣು ಮೇಲೆ."

ತಮ್ಮಯ್ಯ ಅಂಗೈ ಮರೆ ಮಾಡಿಕೊಂಡು ಸರಿಯಾಗಿಯೇ ನೋಡಿದ. ಅವನ ಮುಖದಲ್ಲಿ ಕೊಬ್ಬು ಇರಲಿಲ್ಲ, ತಮಾಷೆಯೂ ಇರಲಿಲ್ಲ. "ಇಲ್ಲ ಸ್ವಾಮಿ. ಒಂದು ಅದ್ದು ಆರ್ತಾ ಐತೆ. ನಕ್ಸತ್ರ ಇಲ್ಲ."

ಹಿಂದಿನಿಂದ ಯಾರೋ ಕೂಗಿದರು: "ನಂಗೆ ಕಾಣ್ತಾ ಐತಲ್ಲ!"

ಶುರುವಾಯಿತು. "ನಂಗೂ ಕಾಣ್ತದೆ." "ಅಗೋ, ಮಿಣಮಿಣ ಅಂತಾ ಐತೆ." ಒಬ್ಬರಿಗೆ ತೆಂಗಿನ ಮರದ ಎಡಕ್ಕೆ ಕಂಡಿತು, ಇನ್ನೊಬ್ಬರಿಗೆ ಬಲಕ್ಕೆ. ಒಬ್ಬಾಕೆಗೆ ಎರಡು ಕಂಡವು. ಎರಡೂ ಕಣ್ಣಿಗೆ ಪೊರೆ ಬಂದು, ಮೊಮ್ಮಗಳ ಕೈಹಿಡಿದು ನಡೆಯುವ ಅಜ್ಜನೊಬ್ಬನಿಗೆ ಎಲ್ಲರಿಗಿಂತ ಚೆನ್ನಾಗಿ ಕಂಡಿತು. ಯಾರೋ ನನ್ನ ಕಡೆ ತಿರುಗಿ "ಮೇಷ್ಟ್ರೇ, ನಿಮಗೆ?" ಅಂದರು. ನಾನು ವಿದ್ಯಾವಂತ. ಇಪ್ಪತ್ತು ವರ್ಷ ವಿಜ್ಞಾನ ಪಾಠ ಹೇಳಿದವನು.

"ಕಂಡಿತು" ಅಂದೆ.

ಆಗ ಮುಂದೆ ಬಂದವರು ಹೆಣ್ಣಿನ ಸೋದರಮಾವ, ಅರಕಲಗೂಡಿನ ಬೋರೇಗೌಡರು. ಹೊಗೆಸೊಪ್ಪು ಬೆಳೆಯುವ ದೊಡ್ಡ ಕುಳ. ದನಿ ಅವರಿಗಿಂತ ದೊಡ್ಡದು. ನಮ್ಮ ಕಡೆ ಸೋದರಮಾವ ಅಂದರೆ ಸುಮ್ಮನೆ ಅಲ್ಲ. ಹೆಣ್ಣು ಒಪ್ಪಿಸುವ ಶಾಸ್ತ್ರದಲ್ಲಿ ಅವನು ಹೆಣ್ಣಿನ ಕೈಹಿಡಿದು ಗಂಡಿನ ಕಡೆಯವರಿಗೆ ಒಪ್ಪಿಸಬೇಕು. ಅವನು ಕೈ ಬಿಡದಿದ್ದರೆ ಹೆಣ್ಣು ಹೊಸಲು ದಾಟುವುದಿಲ್ಲ.

"ಈಗ ಅರ್ತ ಆಯ್ತು," ಅಂದರು ಬೋರೇಗೌಡರು. "ಕತ್ಲಲ್ಲಿ ಕಾಣ್ತದೆ ಅಂತ ಮೇಷ್ಟ್ರೇ ಏಳವ್ರೆ. ಅಗಲಲ್ಲಿ ಕಾಣಲ್ಲ ಅಂತ ಇವ್ನೇ ಏಳ್ತಾ ಔನೆ. ಕತ್ಲಲ್ಲಿ ಕಂಡು ಅಗಲಲ್ಲಿ ಕಾಣ್ದೇ ಇರೋದು ಯಾವ್ದು?"

ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು.

"ಗೂಬೆ!" ಅಂದರು ಬೋರೇಗೌಡರು. "ಮಿಲಿಟರಿಯೋರು ಇವ್ನಿಗೆ ಗೂಬೆ ಕಣ್ಣು ಮಾಡಿ ಕಳಿಸವ್ರೆ. ತಾಳಿ ಕಟ್ಟಿದ್ದು ಕಟ್ಟಿದ್ದೇ. ಆದ್ರೆ ನಾನು ಎಣ್ಣು ಒಪ್ಸಕಿಲ್ಲ."

ಹೆಂಗಸರ ಕಡೆಯಿಂದ ಒಂದು ಸಣ್ಣ ಬಿಕ್ಕು ಕೇಳಿಸಿತು. ಹುಡುಗಿ, ಚೆಲುವಮ್ಮ, ತಲೆ ಬಗ್ಗಿಸಿಕೊಂಡೇ ನಿಂತಿದ್ದಳು. ಕೊರಳಲ್ಲಿ ಅರ್ಧ ಗಂಟೆಯ ಹೊಸ ತಾಳಿ. ಗಂಡನ ಮನೆ ಇಲ್ಲ, ಇನ್ನೊಂದು ಮದುವೆ ಇಲ್ಲ, ತವರಿನಲ್ಲೇ ತಾಳಿ ಹೊತ್ತು ಮುದುಕಿಯಾಗುವ ಹೆಣ್ಣನ್ನು ನೀವೂ ನೋಡಿದ್ದೀರಿ. ನನ್ನ ಒಂದು ಚಿಕ್ಕ ವಾಕ್ಯ ಈ ಹುಡುಗಿಯ ಬಾಳನ್ನು ಅಲ್ಲಿಗೆ ತಂದು ನಿಲ್ಲಿಸಿತ್ತು. ನನಗೆ ನಿಜವಾಗಿಯೂ ಭಯವಾಯಿತು.

ತಮ್ಮಯ್ಯನನ್ನು ಪಕ್ಕಕ್ಕೆ ಎಳೆದೆ. "ಒಂದೇ ಒಂದು ಮಾತು ಕಣೋ. ಕಂಡಿತು ಅನ್ನು."

"ಆಗಕಿಲ್ಲ ಮೇಷ್ಟ್ರೇ," ಅಂದ. "ನನ್ನ ಬಯ್ಯಿರಿ, ಒಡೀರಿ. ಅದೊಂದು ಆಗಕಿಲ್ಲ."

ಹೊಳೆನರಸೀಪುರದ ನಿವೃತ್ತ ಕಾಂಪೌಂಡರ್ ಒಬ್ಬರು ನೆಂಟರ ಪೈಕಿ ಬಂದಿದ್ದರು. ಅವರನ್ನು ಕರೆದರು. ಅವರು ತಮ್ಮಯ್ಯನ ಕಣ್ಣಿನ ರೆಪ್ಪೆ ಎಳೆದು ನೋಡಿದರು. ನಾಲಿಗೆ ಚಾಚಿಸಿ ನೋಡಿದರು. (ಕಣ್ಣಿಗೂ ನಾಲಿಗೆಗೂ ಏನು ಸಂಬಂಧ ಅಂತ ನನ್ನನ್ನು ಕೇಳಬೇಡಿ. ನಮ್ಮ ಎಲ್ಲ ಕಾಂಪೌಂಡರುಗಳೂ ಮೊದಲು ನಾಲಿಗೆಯನ್ನೇ ನೋಡುವುದು.) ಮೂರು ಬೆರಳು ತೋರಿಸಿ ಎಷ್ಟು ಅಂದರು. ತಮ್ಮಯ್ಯ ಮೂರು ಅಂದ. ಬೀದಿಯ ಕೊನೆಯ ಅಂಗಡಿಯ ಬೋರ್ಡು ಓದಿಸಿದರು. ಗಡಗಡ ಓದಿದ.

"ಕಣ್ಣಿನಲ್ಲಿ ಏನೂ ದೋಷವಿಲ್ಲ," ಅಂತ ಕಾಂಪೌಂಡರ್ ರಿಪೋರ್ಟ್ ಕೊಟ್ಟರು. "ದೋಷ ಇದ್ದರೆ ಆಕಾಶದಲ್ಲಿರಬೇಕು."

ಬೋರೇಗೌಡರಿಗೆ ಸಮಾಧಾನವಾಗಲಿಲ್ಲ. ಕತ್ತಲೆಯ ಟೆಸ್ಟ್ ಆಗಬೇಕು ಅಂದರು. ಹಾಡಹಗಲಲ್ಲಿ ಕತ್ತಲೆ ಎಲ್ಲಿಂದ ತರುವುದು? ಸಣ್ಣೇಗೌಡರ ಮನೆಯ ಹಿಂದೆ ಕಾಯಿ ತುಂಬುವ ಕೋಣೆ ಇತ್ತು. ಕಿಟಕಿ ಇಲ್ಲ. ತೆಂಗಿನಕಾಯಿಗಳನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟು ಕೊಬ್ಬರಿ ಮಾಡುವ ಕೋಣೆ. ನಾಲ್ಕು ಜನ ಒಳಗೆ ಹೋದೆವು: ತಮ್ಮಯ್ಯ, ಬೋರೇಗೌಡರು, ಕಾಂಪೌಂಡರ್ ಮತ್ತು ನಾನು. ಹೊರಗಿನಿಂದ ಬಾಗಿಲು ಹಾಕಿ ಸಂದಿಗೆ ಗೋಣಿ ತುರುಕಿದರು.

ಟೆಸ್ಟಿನ ನಿಯಮ ಕೇಳಿ. ಬೋರೇಗೌಡರು ಕೈಯಲ್ಲಿ ಕಾಯಿ ಹಿಡಿಯುತ್ತಾರೆ. ಎಷ್ಟು ಅಂತ ತಮ್ಮಯ್ಯ ಹೇಳಬೇಕು. ಸರಿಯಾಗಿ ಹೇಳಿದರೆ ಅವನು ಗೂಬೆ, ಹೆಣ್ಣು ಒಪ್ಪಿಸುವುದಿಲ್ಲ. ತಪ್ಪು ಹೇಳಿದರೆ ನಾನು ಸುಳ್ಳುಗಾರ, ಸುಳ್ಳುಗಾರ ತಂದ ಸಂಬಂಧ ಬೇಡ, ಹೆಣ್ಣು ಒಪ್ಪಿಸುವುದಿಲ್ಲ. ಈ ಪರೀಕ್ಷೆಯಲ್ಲಿ ಪಾಸಾಗುವುದು ಹೇಗೆ ಅಂತ ಕೇಳಿದೆ. "ಅದ್ನ ಆಮೇಲ್ ನೋಡುವ" ಅಂದರು.

"ಎಷ್ಟದೆ ಏಳಯ್ಯ?"

"ಎರಡು," ಅಂದ ತಮ್ಮಯ್ಯ.

ಧಡಾರನೆ ಸದ್ದು. ಬೋರೇಗೌಡರು ಹಿಂದೆ ಸರಿಯುವ ಭರದಲ್ಲಿ ಕಾಯಿ ರಾಶಿಯ ಮೇಲೆ ಕೂತಿದ್ದರು. "ಗೂಬೆ! ಗೂಬೆನೇ ಕಣ್ರಪ್ಪೋ!"

"ಅಲ್ಲ ಮಾವ," ಅಂದ ತಮ್ಮಯ್ಯ. "ಕೈ ಅಲ್ಲಾಡಿಸಿದ್ರಲ್ಲ. ಒಳಗೆ ಒಣಗಿದ ಕೊಬ್ಬರಿ ಗಿಟುಕು ಎರಡು ಕಡೆ ಲೊಡಲೊಡ ಅಂತು. ಕಿವಿಗೆ ಕೇಳ್ತು. ನಂಗೆ ಇಲ್ಲಿ ನನ್ನ ಕೈಯೇ ಕಾಣ್ತಿಲ್ಲ."

ಬೋರೇಗೌಡರು ಮಂಡಿ ತಿಕ್ಕಿಕೊಳ್ಳುವುದು ಕೇಳಿಸಿತು. ಆಮೇಲೆ ಕತ್ತಲೆಯಲ್ಲೇ ಕೇಳಿದರು: "ಅಂಗಾದ್ರೆ ಆ ಕನ್ನಡಕ ಅನ್ನೋದು ಏನಯ್ಯ? ಬುಡಿಸಿ ಏಳು."

"ಬರೀ ಕನ್ನಡಕ ಅಲ್ಲ ಮಾವ. ಮೊದ್ಲು ದೀಪ. ಲಾರಿ ಮುಂದ್ಗಡೆ ಮಾಮೂಲಿ ದೀಪಾನೇ ಇರ್ತದೆ. ಅದ್ರ ಮೇಲೆ ಒಂದು ಕರೀ ಗಾಜು. ಕಣ್ಣಿಗೆ ಕಾಣೋ ಬೆಳಕನ್ನೆಲ್ಲ ಗಾಜು ತಡೀತದೆ. ಕಾಣ್ದೇ ಇರೋ ಬೆಳಕನ್ನ ಆಚೆ ಬುಡ್ತದೆ."

"ಕಾಣ್ದೇ ಇದ್ರೆ ಅದೆಂಗೆ ಬೆಳಕಾಯ್ತದೆ?"

ನಾನು ಮೇಷ್ಟ್ರ ಗತ್ತಿನಲ್ಲಿ ಕಾಮನಬಿಲ್ಲು, ಕೆಂಪಿನಿಂದ ಆಚೆಯ ಕಿರಣ ಅಂತ ಶುರು ಮಾಡಿದೆ. ಬೋರೇಗೌಡರು "ನೀವ್ ಸುಮ್ಕಿರಿ ಮೇಷ್ಟ್ರೇ" ಅಂದರು.

ತಮ್ಮಯ್ಯ ಹೇಳಿದ: "ಒಲೆ ಮೇಲಿಂದ ಇಳ್ಸಿದ ಕಾವಲಿ ನೋಡಿ. ಕಪ್ಪಗೇ ಇರ್ತದೆ. ಆದ್ರೂ ಅತ್ರ ಕೈ ತಂದ್ರೆ ಕಾವು ತಗುಲ್ತದೆ. ಕಣ್ಣಿಗೆ ಸಿಗ್ದೇ ಇದ್ದುದ್ದು ಕೈಗೆ ಸಿಕ್ತಲ್ಲ? ಇದು ಅದ್ರ ಜಾತೀದು. ಆ ಬೆಳಕು ಓಗಿ ಮರಕ್ಕೋ ರಸ್ತೆಗೋ ಬಡ್ದು ವಾಪಸ್ ಬತ್ತದೆ. ಕನ್ನಡಕದೊಳ್ಗೆ ಒಂದು ಗಾಜಿನ ಬುರುಡೆ. ಮುಂದ್ಗಡೆ ಬೆಳ್ಳಿ ತರದ್ದೇನೋ ಸವ್ರಿರ್ತಾರೆ. ಬೆಳಕು ಬಿದ್ದಲ್ಲೆಲ್ಲ ಕರೆಂಟಿನ ಪುಡಿ ಏಳ್ತದೆ. ಬ್ಯಾಟರಿ ಆ ಪುಡೀನ ಜಗ್ಗಿ ಇಂದ್ಗಡೆ ಪರದೆಗೆ ಒಗೀತದೆ. ಪರದೆ ಗಿಣಿಯಂಗೆ ಅಸ್ರಗೆ ಒಳೀತದೆ. ರಸ್ತೆ ಅಸ್ರು, ಮರ ಅಸ್ರು, ಮುಂದೆ ನಿಂತ ಸಾಹೇಬ್ರೂ ಅಸ್ರು."

"ಮೇಲಿಂದ ಇಮಾನದೋನು ನೋಡಿದ್ರೆ?"

"ಅವ್ನಿಗೆ ಬರೀ ಕತ್ಲೆ. ಅದುಕ್ಕೇ ಮಾಡಿದ್ದು. ಕಾವಲು ಕಾಯೋರ್ಗೂ ಬಂದೂಕಿನೋರ್ಗೂ ಅದೇ ತರದ್ದು ಐತಂತೆ."

ನನ್ನ ತಲೆಯಲ್ಲಿ ಆಗಲೇ ಉಪಯೋಗಗಳ ಪಟ್ಟಿ ಬೆಳೆಯುತ್ತಿತ್ತು. ಆಲೂಗಡ್ಡೆ ಹೊಲಕ್ಕೆ ನುಗ್ಗುವ ಹಂದಿ ಕಾಯಬಹುದು. ಕಳ್ಳನಿಗೆ ತಿಳಿಯದ ಹಾಗೆ ಪೊಲೀಸರು ಅವನನ್ನು ನೋಡಬಹುದು. (ಈಗ ಕಳ್ಳರು ಪೊಲೀಸರನ್ನು ನೋಡುತ್ತಾರೆ.) ನಮ್ಮನ್ನು ಹಾಸನದಿಂದ ಕರೆತಂದ ಇದ್ದಿಲು ಗ್ಯಾಸಿನ ಬಸ್ಸಿಗೆ ಕಟ್ಟಬಹುದು. ಶಾಂತಿಗ್ರಾಮದಲ್ಲಿ ಇದ್ದಿಲು ತುಂಬಲು ಮುಕ್ಕಾಲು ಗಂಟೆ ನಿಂತ ಆ ಬಸ್ಸಿಗೆ ಇರುವುದು ಒಂದೇ ದೀಪ, ಅದು ರಸ್ತೆಗಿಂತ ಹೆಚ್ಚಾಗಿ ಪಕ್ಕದ ಹುಣಸೆ ಮರಗಳನ್ನು ತೋರಿಸುತ್ತದೆ.

"ದೀಪ ಅತ್ಸ್ದೇ ಬರೀ ಕನ್ನಡಕ ಆಕ್ಕಂಡ್ರೆ?" ಅಂದರು ಬೋರೇಗೌಡರು.

ತಮ್ಮಯ್ಯ ಗೋಡೆಗೆ ಒರಗಿಕೊಂಡ ಸದ್ದಾಯಿತು.

"ಈ ಕೋಣೆ ಇದ್ದಂಗೇ ಮಾವ. ಏನೂ ಇಲ್ಲ. ಮೊದಲ್ನೇ ದಿನ ಸಾಹೇಬ್ರು ನಮ್ಮನ್ನ ಸಾಲಾಗಿ ನಿಲ್ಸಿ ಒಬ್ಬೊಬ್ರಿಗೂ ಅದ್ನ ಆಕಿ ಕೇಳಿದ್ರು, ಕಾಣ್ತದಾ ಅಂತ. ಮೊದಲ್ನೇವ್ನು ಯೆಸ್ ಸಾರ್ ಅಂದ. ಎರಡ್ನೇವ್ನೂ ಅಂದ. ನಾನೂ ಅಂದೆ. ಅನ್ನೊಂದು ಜನಾನೂ ಅಂದ್ವಿ. ಆಮೇಲೆ ಮೆಕ್ಯಾನಿಕ್ಕು ಓಡ್ಬಂದು, ತಡೀರಿ ಸಾರ್, ಬ್ಯಾಟರಿ ವೈರು ಈಗ ಕೊಡ್ತೀನಿ ಅಂದ."

ಬೋರೇಗೌಡರು ನಕ್ಕ ನಗೆಗೆ ಕಾಯಿ ರಾಶಿ ಜಾರಿತು. ಕಾಂಪೌಂಡರೂ ನಕ್ಕರು. ನಾನೂ ನಕ್ಕೆ. ತಮ್ಮಯ್ಯ ನಗಲಿಲ್ಲ.

"ಎರಡ್ನೇ ದಿನ ವೈರು ಕೊಟ್ಟಿದ್ರು. ಆದ್ರೆ ಮಂಜು. ಮಂಜಿನಲ್ಲಿ ಆ ಬೆಳಕು ದೂರ ಓಗಲ್ಲ. ಮುಂದೆಲ್ಲ ಬರೀ ಅಸ್ರು ಮೋಡ. ಪಕ್ಕದಲ್ಲಿ ಮಂಡ್ಯ ಕಡೇವ್ನೊಬ್ಬ ಕೂತಿದ್ದ. ನನ್ ಜತೆಗಾರ. ಒಂದೇ ತಟ್ಟೇಲಿ ಉಣ್ತಿದ್ವಿ. ಕಾಣ್ತದೇನ್ಲಾ ಅಂದ. ಕಾಣ್ತದೆ ಕಣ್ಲಾ ಅಂದೆ. ಮೊದಲ್ನೇ ದಿನ ಅಂದು ಅಬ್ಯಾಸ ಆಗೋಗಿತ್ತು. ಲಾರಿ ಅಳ್ಳಕ್ಕೆ ಓಯ್ತು."

"ಆಮೇಲೆ?"

"ಅವ್ನ ಬಲಗಾಲು ಮಂಡಿಗಂಟ ತಗುದ್ರು. ನಂಗೇನೂ ಆಗ್ಲಿಲ್ಲ. ಅವತ್ತಿಂದ ಕಾಣ್ದೇ ಇದ್ದುದ್ದನ್ನ ಕಂಡೆ ಅನ್ನಕ್ಕೆ ನಾಲಿಗೆ ಏಳಕಿಲ್ಲ ಮಾವ."

ಕತ್ತಲೆ ಇದ್ದುದು ಒಳ್ಳೆಯದಾಯಿತು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಈ ಹುಡುಗನಿಗೆ "ಒಂದೇ ಒಂದು ಮಾತು ಕಣೋ" ಅಂದವನು ನಾನು. ನಾಚಿಕೆಯಾಯಿತು.

ಬೋರೇಗೌಡರು ಕಾಯಿ ರಾಶಿಯಿಂದ ಎದ್ದರು. ಆಮೇಲೆ ಕೇಳಿದರು: "ಆ ನಕ್ಸತ್ರ ರಾತ್ರಿ ಒತ್ತು ಕಾಣ್ತದಾ?"

"ಕಾಣ್ತದೆ ಮಾವ. ಮೋಡ ಇಲ್ದೇ ಇದ್ರೆ."

"ಅಂಗಾದ್ರೆ ರಾತ್ರಿ ತೋರ್ಸು. ಕಂಡ್ರೆ ಒಪ್ಪುಸ್ತೀನಿ. ಕಾಣ್ದಿದ್ರೆ ಇಲ್ಲ."

ಎಂಥ ಮಾತು! ನಕ್ಷತ್ರವನ್ನು ರಾತ್ರಿ ನೋಡುವುದು! ಇಷ್ಟು ತಲೆಮಾರುಗಳಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊರಗೆ ಬಂದು ಹೇಳಿದಾಗ ಜನ ದಂಗಾಗಿ ಹೋದರು. ಜೋಯಿಸರು ಮಾತ್ರ "ಶಾಸ್ತ್ರಕ್ಕೆ ಅಡ್ಡಿಯಿಲ್ಲ, ಊಟ ತಡವಾಗಬಾರದು" ಅಂದರು. ಊಟ ತಡವಾಗಲಿಲ್ಲ. ಮದುವೆ ಅರ್ಧಕ್ಕೆ ನಿಂತಿದೆ ಅಂತ ಪಾಯಸವನ್ನು ಯಾರೂ ಬಿಡಲಿಲ್ಲ.

ನಾಲ್ಕು ಗಂಟೆಗೆ ಮೋಡ ಬಂತು.

ವೈಶಾಖದ ಮೋಡದ ಬುದ್ಧಿ ಗೊತ್ತಲ್ಲ? ಬಡಗಣ ದಿಕ್ಕು ಕಪ್ಪಾಯಿತು, ಚಪ್ಪರದ ಗರಿ ಹಾರಾಡಿದವು. ಬೇರೆ ವರ್ಷ ಆಗಿದ್ದರೆ ಮಳೆ ಬರಲಪ್ಪ ಅನ್ನುತ್ತಿದ್ದವನು ಅವತ್ತು ಬಾರದಿರಲಿ ಅಂತ ಕೈಮುಗಿದೆ. ಪಡಸಾಲೆಯಲ್ಲಿ ಚೆಲುವಮ್ಮ ಚಾಪೆಯ ಮೇಲೆ ಕೂತಿದ್ದಳು. ಊಟ ಮಾಡಿರಲಿಲ್ಲ. ನಾನು ಹಾದುಹೋಗುವಾಗ ಮೆಲ್ಲಗೆ ಕರೆದಳು.

"ಮೇಷ್ಟ್ರೇ, ಆ ನಕ್ಸತ್ರ ನಿಜವಾಗ್ಲೂ ಐತಾ?"

"ಇದೆಯಮ್ಮ."

"ನೀವ್ ನೋಡಿದ್ದೀರಾ?"

ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಸಪ್ತರ್ಷಿ ಮಂಡಲ ಬರೆದಿದ್ದೇನೆ. ಕತ್ತು ಎತ್ತಿ ಒಂದು ದಿನವೂ ನೋಡಿಲ್ಲ. "ಪುಸ್ತಕದಲ್ಲಿ ನೋಡಿದ್ದೇನಮ್ಮ" ಅಂದೆ. ಅವಳು ನನ್ನನ್ನು ಒಂದು ತರಹ ನೋಡಿದಳು.

ಏಳು ಗಂಟೆಗೆ ನಾಲ್ಕು ಹನಿ ಬಿದ್ದು ಗಾಳಿ ಮೋಡವನ್ನು ಹೊತ್ತುಕೊಂಡು ಹೋಯಿತು. ಎಂಟು ಗಂಟೆಗೆ ಬೀದಿಯಲ್ಲಿ ಬೆಳಗ್ಗಿನ ಜನವೆಲ್ಲ ಸೇರಿದರು. ಬೆಳಿಗ್ಗೆ ನಕ್ಷತ್ರ ಕಂಡವರೇ ಮುಂದಿನ ಸಾಲಿನಲ್ಲಿದ್ದರು.

ತಮ್ಮಯ್ಯ ಮೊದಲು ಗ್ಯಾಸ್‌ಲೈಟ್ ಆರಿಸಲು ಹೇಳಿದ. ಗ್ಯಾಸ್‌ಲೈಟಿನವನು ಒಪ್ಪಲಿಲ್ಲ. ಮದುವೆ ಮನೆಯಲ್ಲಿ ದೀಪ ಆರಿಸುವುದುಂಟೇ? ಆರಿಸಿದರೆ ಮತ್ತೆ ಹಚ್ಚಲು ಪಂಪು ಹೊಡೆಯುವವರು ಯಾರು? ಕೊನೆಗೆ ಅದನ್ನು ಕಾಯಿ ಕೋಣೆಗೆ ಹೊತ್ತುಕೊಂಡು ಹೋಗಿ ಬಾಗಿಲು ಹಾಕಿದರು. ಬೀದಿ ಕತ್ತಲಾಯಿತು.

"ಒಸಿ ತಡೀರಿ," ಅಂದ ತಮ್ಮಯ್ಯ. "ಕಣ್ಣಿಗೆ ಕತ್ಲೆ ಒಗ್ಬೇಕು. ಅದುಕ್ಕೆ ಯಾವ ಬ್ಯಾಟರೀನೂ ಬ್ಯಾಡ."

ಕಾದೆವು. ಮೊದಲು ಏನೂ ಇರಲಿಲ್ಲ. ಆಮೇಲೆ ಪಕ್ಕದವರ ಪೇಟ ಕಂಡಿತು. ಹೆಂಚಿನ ಅಂಚು ಕಂಡಿತು. ಆಮೇಲೆ ಆಕಾಶ, ಒಂದೊಂದಾಗಿ, ತುಂಬಿಕೊಳ್ಳುತ್ತಾ ಹೋಯಿತು. ನನಗೆ ಐವತ್ತು ವರ್ಷ. ಅಷ್ಟೊಂದು ನಕ್ಷತ್ರ ನನ್ನ ತಲೆಯ ಮೇಲೆ ದಿನವೂ ಇರುತ್ತವೆ ಅಂತ ನನಗೆ ಗೊತ್ತಿರಲಿಲ್ಲ.

ಜೋಯಿಸರು ರೂಢಿಯಂತೆ ತೆಂಗಿನ ಮರದ ಕಡೆ ಬೆರಳು ಚಾಚಿದರು. ತಮ್ಮಯ್ಯ ಮೆತ್ತಗೆ ಅವರ ಮೊಣಕೈ ಹಿಡಿದು ಬಡಗಣ ದಿಕ್ಕಿಗೆ ತಿರುಗಿಸಿದ. ನಾನು ಜೋಯಿಸರ ಮುಖ ನೋಡಿದೆ. "ನಕ್ಷತ್ರಗಳು ತಿರುಗುತ್ತವೆ ಮೇಷ್ಟ್ರೇ" ಅಂದರು, ಏನೂ ಆಗದವರ ಹಾಗೆ.

"ಏಳು ನಕ್ಸತ್ರ, ಸೌಟಿನಂಗೆ," ಅಂದ ತಮ್ಮಯ್ಯ. ಹೇಳಿದ್ದು ಜೋಯಿಸರಿಗಲ್ಲ, ಬೋರೇಗೌಡರಿಗೂ ಅಲ್ಲ, ಪಕ್ಕದಲ್ಲಿ ನಿಂತವಳಿಗೆ. "ಸೌಟಿನ ಇಡೀಲಿ ಮೂರು. ನಡುವಿಂದನ್ನ ನೋಡು."

ಬೆಳಗ್ಗಿನಿಂದ ಬಗ್ಗಿದ್ದ ತಲೆ ಎತ್ತಿತು. ಬಾಸಿಂಗ ಒಂದು ಕಡೆ ವಾಲಿತು.

"ಅದ್ರ ಮಗ್ಗುಲಲ್ಲಿ..." ಅಂದಳು ಚೆಲುವಮ್ಮ. "ಚಿಕ್ಕುದು. ಅಂಟ್ಕಂಡಂಗೈತೆ. ಅದೇ ಅಲ್ವಾ?"

"ಅದೇ," ಅಂದ ತಮ್ಮಯ್ಯ. ಆಮೇಲೆ ಜೋಯಿಸರ ಕಡೆ ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ, ಪೆರೇಡಿನಲ್ಲಿ ಹೇಳುವಂತೆ ಹೇಳಿದ: "ಕಂಡ್ತು ಸ್ವಾಮಿ!"

ವಾಲಗದವನು ಬೆಳಿಗ್ಗೆ ನುಂಗಿದ್ದನ್ನು ಒಮ್ಮೆಗೇ ಊದಿದ. ಬೋರೇಗೌಡರು ಮಾತಿಗೆ ತಪ್ಪಲಿಲ್ಲ. ಅಲ್ಲೇ, ಆ ಕತ್ತಲೆಯಲ್ಲೇ, ಸೋದರಸೊಸೆಯ ಕೈಹಿಡಿದು ಒಪ್ಪಿಸಿದರು. ಅವರ ದೊಡ್ಡ ದನಿ ಒಡೆದುಹೋಯಿತು. "ಜೋಪಾನ ಕಣಪ್ಪ" ಅಂದರು, ಅಷ್ಟೇ.

ಹೆಣ್ಣುಗಂಡು ಒಳಗೆ ಹೋದರು. ಗ್ಯಾಸ್‌ಲೈಟು ವಾಪಸ್ಸು ಬಂತು. ಜನ ಚದುರಿದರು. ಬೋರೇಗೌಡರೊಬ್ಬರು ಮಾತ್ರ ಬೀದಿಯ ಕೊನೆಯಲ್ಲಿ ಕತ್ತು ಎತ್ತಿಕೊಂಡು ನಿಂತಿದ್ದರು. ಹತ್ತಿರ ಹೋದೆ.

"ಸೌಟು ಸಿಕ್ತು ಮೇಷ್ಟ್ರೇ. ಇಡೀನೂ ಸಿಕ್ತು. ನಡುವಿಂದೂ ಸಿಕ್ತು. ಅದ್ರ ಮಗ್ಗುಲಿಂದು ಮಾತ್ರ ಏನ್ ಮಾಡಿದ್ರೂ ಕಾಣಕಿಲ್ಲ," ಅಂದರು. ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು. "ಬೆಳಿಗ್ಗೆ ಎಷ್ಟ್ ಚೆಂದಾಗಿ ಕಾಣ್ತಿತ್ತು, ಅಲ್ವಾ?"

ನಾನೂ ಅವರ ಪಕ್ಕದಲ್ಲಿ ನಿಂತು ಕತ್ತು ಎತ್ತಿದೆ. ಬೆಳಿಗ್ಗೆ ನನಗೂ ಕಂಡಿತ್ತು.